ಹನ್ನೆರಡು ವಾರದ ವಿಶ್ವ ಸಿನಿಮಾ ಕೋರ್ಸ್: ಇರಾನ್ ಪಾಠಕ್ಕೋಸ್ಕರವಾದರೂ ಸೇರಿ

ವಿಶ್ವ ಸಿನಿಮಾ ಬಗ್ಗೆ ಹನ್ನೆರಡು ವಾರದ ಆನ್‌ಲೈನ್ ಕೋರ್ಸೊಂದನ್ನು ಹೋದ ತಿಂಗಳು ಮುಗಿಸಿದೆ. ಕೆಲಸವೆಲ್ಲ ಮುಗಿದ ಮೇಲೆ ದಿನಾ ರಾತ್ರಿ ಒಂದು ಗಂಟೆ. ಕೆಲವು ಪಾಠಗಳಿಗೆ ಅಮ್ಮನೂ ಪಕ್ಕದಲ್ಲಿ ಬಂದು ಕೂತರು.

ಇರಾನ್ ವಾರದಲ್ಲಿ ಒಂದು ದೃಶ್ಯ ತೋರಿಸಿದರು. ಹೆಂಗಸೊಬ್ಬಳು ತನ್ನ ಮನೆಯಲ್ಲೇ, ಗಂಡನ ಎದುರಿಗೇ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ‘ಮಲಗೋವಾಗಲೂ ತೆಗೆಯೋದಿಲ್ವಾ ಇವಳು?’ ಅಂದರು ಅಮ್ಮ. ಮೇಷ್ಟ್ರ ಪಾಠ ಶುರುವಾಗಿದ್ದೂ ಅದೇ ಪ್ರಶ್ನೆಯಿಂದ! ನಿಜವಾದ ಮನೆಗಳಲ್ಲಿ ಹಾಗೇನೂ ಕಟ್ಟಿಕೊಳ್ಳಬೇಕಿಲ್ಲ. ಆದರೆ 1979ರ ಕ್ರಾಂತಿಯ ನಂತರ ತೆರೆಯ ಮೇಲೆ ಕೂದಲು ಮುಚ್ಚಲೇಬೇಕೆಂಬ ನಿಯಮ ಬಂತು. ಹೊರಗಿನ ಗಂಡಸರಿಗೆ ಕೂದಲು ಕಾಣಬಾರದು, ಸಿನಿಮಾ ನೋಡುವ ಗಂಡಸರು ಆಕೆಯ ಮನೆಯವರಲ್ಲವಲ್ಲ. ಹೀಗಾಗಿ ಮನೆಯೊಳಗಿನ ದೃಶ್ಯವೇ ಸುಳ್ಳಾಗಿ ಕಾಣತೊಡಗಿತು. ಎಷ್ಟೋ ನಿರ್ದೇಶಕರು ಬೀದಿಗೆ, ಕಾರಿನೊಳಕ್ಕೆ, ಮಕ್ಕಳ ಕಥೆಗಳಿಗೆ ಹೋಗಿದ್ದಕ್ಕೆ ಇದೂ ಒಂದು ಕಾರಣ.

ಅಬ್ಬಾಸ್ ಕಿಯಾರೊಸ್ತಮಿ ಅವರ 1987ರ ಚಿತ್ರದಲ್ಲಿ ಹುಡುಗನೊಬ್ಬ ಗೆಳೆಯನ ನೋಟ್‌ಬುಕ್ ವಾಪಸ್ ಕೊಡಲು ಪಕ್ಕದ ಊರಿಗೆ ಓಡುತ್ತಾನೆ. ಮೊದಲ ಸಲ ನೋಡಿದಾಗ ಮುದ್ದಾದ ಕಥೆ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ. ಪಾಠ ಕೇಳಿದ ಮೇಲೆ ಮತ್ತೆ ನೋಡಿದೆ. ಹುಡುಗನ ಮಾತನ್ನು ದೊಡ್ಡವರಲ್ಲಿ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಶಿಸ್ತು ಕಲಿಯಲು ಮಕ್ಕಳು ಏಟು ತಿನ್ನಬೇಕು ಎನ್ನುತ್ತಾನೆ ತಾತ. ಆ ಮಾತು ಬರೀ ಮಕ್ಕಳ ವಿಷಯವಲ್ಲ ಅನ್ನಿಸಿ ಎದೆ ಭಾರವಾಯಿತು. ಈ ಒಂದು ವಾರಕ್ಕಾಗಿ ಮೇಷ್ಟ್ರಿಗೆ ಋಣಿ.

ಇಟಲಿಯ ಪಾಠವೂ ಚೆನ್ನಾಗಿದೆ. 1948ರಲ್ಲಿ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ‘ಬೈಸಿಕಲ್ ಥೀವ್ಸ್’ ಚಿತ್ರದ ನಾಯಕನ ಪಾತ್ರವನ್ನು ನಟನಲ್ಲದ, ಕಾರ್ಖಾನೆಯ ಕೆಲಸಗಾರನೊಬ್ಬನಿಂದಲೇ ಮಾಡಿಸಿದ್ದು ಗೊತ್ತಿರುವ ಸಂಗತಿ, ಅದನ್ನು ಬೇಗ ಮುಗಿಸುತ್ತಾರೆ. ಫ್ರಾನ್ಸ್‌ಗೆ ಎರಡು ವಾರ ಜಾಸ್ತಿಯಾಯಿತು.

ನನಗೆ ಬೇಸರವಾಗಿದ್ದು ಸೆನೆಗಲ್ ಪಾಠದಲ್ಲಿ. ಉಸ್ಮಾನ್ ಸೆಂಬೆನ್ ಮೊದಲು ಫ್ರೆಂಚ್‌ನಲ್ಲಿ ಕಾದಂಬರಿ ಬರೆಯುತ್ತಿದ್ದವರು. ಓದು ಬಾರದ ತಮ್ಮ ಜನರನ್ನು ತಲುಪಬೇಕೆಂದು ಸಿನಿಮಾಕ್ಕೆ ಬಂದರು. 1968ರ ‘ಮಂದಾಬಿ’ಯನ್ನು ಅಲ್ಲಿನ ಜನ ಆಡುವ ವೊಲೊಫ್ ಭಾಷೆಯಲ್ಲಿ ಮಾಡಿದರು. ಪ್ಯಾರಿಸ್‌ನಿಂದ ಬಂದ ಮನಿಆರ್ಡರ್ ಬಿಡಿಸಿಕೊಳ್ಳಲು ಒಬ್ಬಾತ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಣಕ್ಕೆ ಗುರುತಿನ ಚೀಟಿ ಬೇಕು, ಚೀಟಿಗೆ ಜನನ ಪತ್ರ ಬೇಕು. ಮನೆಯಲ್ಲಿ ವೊಲೊಫ್, ಕಚೇರಿಯಲ್ಲಿ ಫ್ರೆಂಚ್. ಫ್ರೆಂಚರ ವಸಾಹತು ಹೋದರೂ ಅಧಿಕಾರದ ಭಾಷೆ ಹೋಗಿಲ್ಲ ಅನ್ನುವುದು ಕೇಳುವ ಕಿವಿಗೇ ಗೊತ್ತಾಗಬೇಕು, ಅಲ್ವಾ? ಕೋರ್ಸ್‌ನವರ ಸಬ್‌ಟೈಟಲ್‌ನಲ್ಲಿ ಎರಡೂ ಭಾಷೆ ಒಂದೇ ಬಣ್ಣ, ಒಂದೇ ಅಕ್ಷರ. ಯಾರು ಯಾವಾಗ ಭಾಷೆ ಬದಲಿಸಿದರು ಅಂತ ನನಗೆ ತಿಳಿಯಲೇ ಇಲ್ಲ. ಮೇಷ್ಟ್ರು ಹೇಳಿದ ಮೇಲೆ ಹಿಂದಕ್ಕೆ ಓಡಿಸಿ, ಕಣ್ಣು ಮುಚ್ಚಿ ಮತ್ತೆ ಕೇಳಿದೆ. ಫ್ರೆಂಚ್ ಮಾತನ್ನು ಓರೆ ಅಕ್ಷರದಲ್ಲಿ ಹಾಕಿದ್ದರೂ ಸಾಕಿತ್ತು. ಬರೆದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಇಡೀ ಆಫ್ರಿಕಾಕ್ಕೆ ಇದೊಂದೇ ವಾರ ಅನ್ನುವುದೂ ಸರಿಯಲ್ಲ.

ಪರೀಕ್ಷೆಗಳಲ್ಲಿ ಇಸವಿ ಕೇಳುವ ಪ್ರಶ್ನೆಗಳೇ ಹೆಚ್ಚು. ಒಂದೇ ಒಂದು ಶಾಟ್ ಬಗ್ಗೆ ಒಂದು ಪುಟ ಬರೆಯುವ ಕೆಲಸ ಮಾತ್ರ ತಪ್ಪಿಸಬೇಡಿ. ಅದಕ್ಕೆ ಮೇಷ್ಟ್ರೇ ಸಾಲುಸಾಲಾಗಿ ಉತ್ತರ ಬರೆಯುತ್ತಾರೆ. ಸಮಯ ಕಡಿಮೆ ಇದ್ದರೆ ಏಳನೆಯ ವಾರದಿಂದ ಶುರು ಮಾಡಿ, ಇರಾನ್ ಇರುವುದು ಅಲ್ಲೇ.