ಐಎಂಎಸ್: ಬಿಲ್ಲಿನ ವ್ಯತ್ಯಾಸ ಮೊದಲು ವ್ಯಾಪಾರಿಗೇ ಕಾಣಲಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ 2024ರ ಅಕ್ಟೋಬರ್ 14ರಿಂದ ಬಳಕೆಗೆ ಬಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಐಎಂಎಸ್, ಸಣ್ಣ ವ್ಯಾಪಾರಿಗಳ ಲೆಕ್ಕ ನೋಡಿಕೊಳ್ಳುವ ನನಗೆ ಪ್ರತಿ ತಿಂಗಳೂ ಬೇಕಾಗುವ ಸೇವೆ. ಮಾರಿದವರು ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನಿನಲ್ಲಿ ತುಂಬಿದ ಬಿಲ್ಲುಗಳು ಕೊಂಡವರ ಪರದೆಗೆ ಬರುತ್ತವೆ. ಕೊಂಡವರು ಅವುಗಳನ್ನು ಒಪ್ಪಬಹುದು, ತಿರಸ್ಕರಿಸಬಹುದು ಅಥವಾ ಬಾಕಿ ಇರಿಸಬಹುದು.

ಎರಡು ಲೆಕ್ಕಗಳ ನಡುವಿನ ಅಂತರವನ್ನು ಹುಡುಕುವುದು ತೆರಿಗೆ ಆಡಳಿತದ ಹಳೆಯ ಕೆಲಸವೇ. ಕೊಂಡವರಿಗೆ ಪೋರ್ಟಲ್ ಕೊಡುವ ಪಟ್ಟಿಯಾದ ಜಿಎಸ್‌ಟಿಆರ್-2ಬಿ ತೋರಿಸಿದ್ದಕ್ಕಿಂತ ಹೆಚ್ಚಿನ ಇನ್‌ಪುಟ್ ಅನ್ನು, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕಡಿತವನ್ನು, ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಪಡೆದು, ಆ ವ್ಯತ್ಯಾಸ ನಿಗದಿತ ಮಿತಿಯನ್ನು ದಾಟಿದರೆ, ಡಿಆರ್‌ಸಿ-01ಸಿ ಸೂಚನೆ ಬರುತ್ತದೆ. ಏಳು ದಿನಗಳೊಳಗೆ ಹಣ ಕಟ್ಟಬೇಕು ಅಥವಾ ಕಾರಣ ಹೇಳಬೇಕು. 2020ರಲ್ಲಿ ಬಂದ 2ಬಿಯಲ್ಲಿ ತಪ್ಪು ಬಿಲ್ ಕಂಡರೂ ಅದು ತಪ್ಪೆಂದು ಅಲ್ಲಿಯೇ ಹೇಳಲು ಕೊಂಡವರಿಗೆ ದಾರಿಯಿರಲಿಲ್ಲ. 2017ರ ಮೂಲ ವ್ಯವಸ್ಥೆಯಲ್ಲಿ ಜಿಎಸ್‌ಟಿಆರ್-2 ಎಂಬ ರಿಟರ್ನ್ ಇದೇ ಹಕ್ಕನ್ನು ಕೊಡಬೇಕಾಗಿತ್ತು, ಆದರೆ ಅದು ಅದೇ ವರ್ಷ ನಿಂತುಹೋಯಿತು. ಏಳು ವರ್ಷ ತಡವಾಗಿಯಾದರೂ ಆ ಹಕ್ಕು ಮರಳಿದ್ದು ನನಗೆ ನಿಜಕ್ಕೂ ಸಂತೋಷ ತಂದಿದೆ.

ನಾನು ಲೆಕ್ಕ ನೋಡುವ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಪೈಪ್ ಮಾರಿದ ಪಾರ್ಟಿಯವರ ಬಿಲ್ಲಿನಲ್ಲಿ ಸರಕಿನ ಬೆಲೆ 1,00,000 ರೂಪಾಯಿ, ಶೇ 18ರಂತೆ ತೆರಿಗೆ 18,000 ರೂಪಾಯಿ ಇತ್ತು. ರಿಟರ್ನ್ ತುಂಬುವಾಗ ಅವರು ತೆರಿಗೆ ಸೇರಿದ ಒಟ್ಟು ಮೊತ್ತವನ್ನೇ ಬೆಲೆಯ ಕಾಲಂನಲ್ಲಿ ಹಾಕಿದ್ದರಿಂದ ಪರದೆಯ ಮೇಲೆ 21,240 ರೂಪಾಯಿ ತೆರಿಗೆ ಕಾಣಿಸಿತು. ಖರೀದಿ ರಿಜಿಸ್ಟರ್ ಪಕ್ಕದಲ್ಲಿಟ್ಟು ತಾಳೆ ನೋಡಿದಾಗ 3,240 ರೂಪಾಯಿ ಹೆಚ್ಚಿರುವುದು ತಿಳಿಯಿತು. ತಿರಸ್ಕರಿಸಿ ಫೋನ್ ಮಾಡಿದೆ. ಅವರು ತಮ್ಮ 3ಬಿ ಸಲ್ಲಿಸುವ ಮೊದಲೇ ಜಿಎಸ್‌ಟಿಆರ್-1ಎ ಎಂಬ ತಿದ್ದುಪಡಿ ನಮೂನೆಯ ಮೂಲಕ ತಿದ್ದಿದರು, ಸರಿಯಾದ ಬಿಲ್ ನಮ್ಮ ಮುಂದಿನ ತಿಂಗಳ 2ಬಿಗೆ ಬಂತು.

ಆದರೆ ಅದೇ ತಿಂಗಳು ಇನ್ನೊಬ್ಬ ಪಾರ್ಟಿಯವರು ಬಿಲ್ಲನ್ನೇ ತುಂಬಿರಲಿಲ್ಲ, ಪರದೆಯಲ್ಲಿ ಅದರ ಸುಳಿವೂ ಇರಲಿಲ್ಲ. ಈ ಸೇವೆಯ ವಿನ್ಯಾಸದ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ. ತಪ್ಪಾಗಿ ತುಂಬಿದ ಬಿಲ್ಲನ್ನು ಐಎಂಎಸ್ ತೋರಿಸುತ್ತದೆ, ತುಂಬದೇ ಬಿಟ್ಟ ಬಿಲ್ಲನ್ನು ತೋರಿಸುವುದಿಲ್ಲ. 2022ರ ಜನವರಿಯಿಂದ, ಮಾರಿದವರು ತುಂಬದೆ 2ಬಿಯಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಇಲ್ಲವಾದ್ದರಿಂದ ವ್ಯಾಪಾರಿಯ ಕೈಯಿಂದ ಹಣ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಅದಕ್ಕೆ ನಮ್ಮ ರಿಜಿಸ್ಟರನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ಹೋಲಿಸಿ ನೋಡಲೇಬೇಕು. ಖರೀದಿ ಪಟ್ಟಿಯನ್ನು ಇದೇ ಪರದೆಗೆ ಏರಿಸಿ, ಎರಡೂ ಕಡೆಯ ವ್ಯತ್ಯಾಸವನ್ನು ಒಟ್ಟಿಗೆ ನೋಡುವ ಅನುಕೂಲ ಬೇಕಿತ್ತು.

ಇನ್ನೊಂದು ಎಚ್ಚರಿಕೆ: ಏನೂ ಮಾಡದೆ ಬಿಟ್ಟ ಬಿಲ್ಲನ್ನು ಒಪ್ಪಿದಂತೆಯೇ ಪರಿಗಣಿಸಲಾಗುತ್ತದೆ. ತಿಂಗಳ 14ರಂದು ಕರಡು 2ಬಿ ಸಿದ್ಧವಾದ ಮೇಲೆ ನಿರ್ಧಾರ ಬದಲಿಸಿದರೆ, 3ಬಿ ಸಲ್ಲಿಸುವ ಮುನ್ನ ಅದನ್ನು ಮರುಲೆಕ್ಕ ಹಾಕಿಸಲೇಬೇಕು. ಹೊಸಬರು ಎಡವುವುದು ಇಲ್ಲಿ.

ಬಿಲ್ ತುಂಬದ ಆ ಪಾರ್ಟಿಗೆ ಸರಕಿನ ಹಣವನ್ನಷ್ಟೇ ಕೊಟ್ಟು, ತೆರಿಗೆಯ ಭಾಗವನ್ನು ಬಿಲ್ ಪರದೆಗೆ ಬರುವವರೆಗೆ ತಡೆಹಿಡಿಯಿರಿ ಎಂದು ಅಂಗಡಿಯವರಿಗೆ ಹೇಳಿದ್ದೇನೆ.