ತುಕ್ಕು ತಿಂದ ಬ್ರೇಕ್ ಪೈಪು, ಫೇಲಾದ ಎಫ್‌ಸಿ, ಬ್ರಹ್ಮಾವರ ಕಡೆಯ ಬೋರ್ಡಿಲ್ಲದ ಗ್ಯಾರೇಜು

ನಮ್ಮದು 2009ರ ಆಲ್ಟೊ. ಮನೆ ಮಲ್ಪೆ ಕಡೆ, ರಾತ್ರಿ ಕಿಟಕಿ ತೆಗೆದರೆ ಅಲೆಯ ಸದ್ದು ಕೇಳುತ್ತದೆ, ಅಷ್ಟು ಹತ್ತಿರ. 2024ರಲ್ಲಿ ಗಾಡಿಗೆ 15 ವರ್ಷ ತುಂಬಿತು, ಆರ್‌ಸಿ ರಿನ್ಯೂ ಮಾಡಿಸಬೇಕಿತ್ತು. ಸ್ವಂತ ಕಾರಿಗೆ ರಿಜಿಸ್ಟ್ರೇಷನ್ ಇರುವುದು 15 ವರ್ಷ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಫೀಸು 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅದನ್ನು ಕಟ್ಟಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ಸರಿ ಮಾಡಿಸಿ, ಗಾಡಿ ತೊಳೆದು ಪಾಲಿಶ್ ಹಾಕಿ ಅಕ್ಟೋಬರಿನಲ್ಲಿ ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯವಾ ಅಂತ ನೋಡುವ ತಪಾಸಣೆಗೆ, ಆರ್‌ಟಿಒ ಆಫೀಸಿಗೆ ತಗೊಂಡು ಹೋದೆ. ಫೇಲಾಯಿತು.

ಯಾಕೆ ಅಂತ ಹೇಳುತ್ತೇನೆ. ಇನ್‌ಸ್ಪೆಕ್ಟರ್ ಬಾನೆಟ್ ತೆಗೆಸಿದರು, ಚಾಸಿ ನಂಬರ್ ನೋಡಿದರು, ಲೈಟು ಇಂಡಿಕೇಟರ್ ನೋಡಿದರು. ಆಮೇಲೆ ಸೀಟಲ್ಲಿ ಕೂತು ಬ್ರೇಕ್ ಪೆಡಲ್ ಒತ್ತಿ ಹಾಗೇ ಹಿಡಿದರು. ಒಂದು, ಎರಡು, ಮೂರು ಸೆಕೆಂಡು. ಪೆಡಲ್ ಮೆಲ್ಲ ಕೆಳಗೆ ಇಳಿಯುತ್ತಾ ಹೋಯಿತು. ಅವರು ಏನೂ ಮಾತಾಡದೆ ಇಳಿದು, ಎಡಗಡೆ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಹಾಕಿದರು. ನನ್ನನ್ನೂ ಕರೆದು ತೋರಿಸಿದರು. ಫ್ಲೋರಿನ ಕೆಳಗೆ ಹೋಗುವ ಬ್ರೇಕ್ ಪೈಪು ಕಪ್ಪಗೆ ಒದ್ದೆಯಾಗಿತ್ತು, ಅದರ ಮೇಲೆ ಧೂಳು ಕೂತು ಅಂಟಂಟಾಗಿತ್ತು. "ಇದರಲ್ಲಿ ಯಾರನ್ನೂ ಕೂರಿಸಿಕೊಂಡು ಹೋಗಬೇಡಿ, ಮೊದಲು ಸರಿ ಮಾಡಿಸಿ ತನ್ನಿ" ಅಂದರು.

ಹಿಂದಿನ ವಾರವಷ್ಟೇ ಅಮ್ಮ, ಹೆಂಡತಿ, ಮಗಳನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋಗಿ ಆಗುಂಬೆ ಘಾಟಿ ಇಳಿದು ಬಂದಿದ್ದೆ. ಆ ಮಾತು ಕೇಳಿ ಕೈಕಾಲು ತಣ್ಣಗಾಯಿತು. ಇನ್ನೂ ಬೇಜಾರು ಏನೆಂದರೆ, ಬ್ರೇಕ್ ಆಯಿಲ್ ಮಿನಿಮಮ್ ಗೆರೆಗೆ ಬಂದಿದೆ ಅಂತ ನಾಲ್ಕು ತಿಂಗಳಲ್ಲಿ ಎರಡು ಸಲ ನಾನೇ ತುಂಬಿಸಿದ್ದೆ. ಪ್ಯಾಡ್ ಸವೆದ ಹಾಗೆ ಆಯಿಲ್ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಎರಡು ಸಲ ತುಂಬಿಸುವಷ್ಟು ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಇದು ನನಗೆ ಗೊತ್ತಿರಬೇಕಿತ್ತು. ನಿಮ್ಮ ಗಾಡಿಯಲ್ಲೂ ಹೀಗಾಗುತ್ತಿದ್ದರೆ ದಯವಿಟ್ಟು ಇವತ್ತೇ ನೋಡಿಸಿ.

ಆಫೀಸಿನ ಹೊರಗೆ ಬಂದ ಕೂಡಲೇ ಒಬ್ಬರು ಏಜೆಂಟ್ "ಮಾತಾಡಿ ಪಾಸ್ ಮಾಡಿಸುವ" ಅಂತ ಶುರು ಮಾಡಿದರು. ಬೇಡ ಅಂದೆ. ಆಮೇಲೆ ಹೋದದ್ದು ಪೇಟೆಯ ಒಂದು ಗ್ಯಾರೇಜಿಗೆ. ಅಲ್ಲಿ ಹೇಳಿದ್ದು ಕೇಳಿ ನನಗೆ ಮೊದಲು ಖುಷಿಯೇ ಆಗಿತ್ತು: ತೂತಾದ ಅರ್ಧ ಅಡಿ ಕತ್ತರಿಸಿ ತೆಗೆದು, ಅಲ್ಲಿಗೆ ಫ್ರಿಜ್ಜಿನ ತಾಮ್ರದ ಪೈಪು ಸೇರಿಸಿ ಎರಡು ಕಡೆ ಜಾಯಿಂಟ್ ಹಾಕಿದರೆ ಆಯಿತು, 800 ರೂಪಾಯಿ, ಒಂದು ಗಂಟೆ ಕೆಲಸ. ಪುಣ್ಯಕ್ಕೆ ಆ ದಿನ ಅವರ ಹತ್ತಿರ ಜಾಯಿಂಟ್ ಇರಲಿಲ್ಲ. ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಆ ಪೈಪು ಸ್ಟಾಕಲ್ಲಿ ಇಲ್ಲ, ಆರ್ಡರ್ ಹಾಕಿದರೆ ಯಾವಾಗ ಬರುತ್ತದೆ ಹೇಳಲು ಆಗುವುದಿಲ್ಲ ಅಂದರು. ಕೊನೆಗೆ ಮೀನು ಸಾಗಿಸುವ ಪಿಕಪ್ ಓಡಿಸುವ ನಮ್ಮ ಪಕ್ಕದ ಮನೆಯವರು ಈ ಗ್ಯಾರೇಜು ಹೇಳಿದರು. "ನಮ್ಮ ಗಾಡಿಗಳೆಲ್ಲ ಅಲ್ಲಿಗೇ ಹೋಗುವುದು. ಉಪ್ಪುನೀರಿನ ತುಕ್ಕು ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ."

ಗ್ಯಾರೇಜಿಗೆ ಬೋರ್ಡಿಲ್ಲ. ಬ್ರಹ್ಮಾವರ ದಾಟುವ ಮೊದಲು ಹೆದ್ದಾರಿಯಿಂದ ಒಳಗೆ ಇಳಿಯಬೇಕು, ಒಂದು ತಗಡಿನ ಶೆಡ್ಡು, ಒಳಗೆ ಒಂದು ಗುಂಡಿ. ಲಿಫ್ಟ್ ಇಲ್ಲ. ಮೇಸ್ತ್ರಿಗೆ ಅರವತ್ತರ ಮೇಲಿರಬಹುದು, ಜೊತೆಗೆ ಒಬ್ಬ ಹುಡುಗ. ವಿಷಯ ಹೇಳಿದೆ. ರೇಟು ಹೇಳುವ ಮೊದಲು ಅವರು ಗುಂಡಿಗೆ ಇಳಿದರು, ನನ್ನನ್ನೂ ಇಳಿಸಿದರು. ನಾನು ನೋಡಿದ ಬೇರೆ ಗ್ಯಾರೇಜುಗಳಲ್ಲಿ ಗಿರಾಕಿಯನ್ನು ಹತ್ತಿರಕ್ಕೇ ಬಿಡುವುದಿಲ್ಲ. ಇಲ್ಲಿ ಟಾರ್ಚ್ ಕೈಗೆ ಕೊಟ್ಟು "ಹಿಡೀರಿ" ಅಂದರು.

ಪೈಪಿನ ಮೇಲೆ ಕಪ್ಪು ಕೋಟಿಂಗ್ ಇತ್ತು, ತುಕ್ಕು ಹಿಡಿಯದಿರಲಿ ಅಂತ ಹಿಂದೆ ದುಡ್ಡು ಕೊಟ್ಟು ಹೊಡೆಸಿದ್ದು. ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಮೆಲ್ಲ ಎಬ್ಬಿಸಿದರು. ಒಣ ಸೀಗಡಿ ಸಿಪ್ಪೆ ಬಿಡಿಸಿದ ಹಾಗೆ ಕೋಟಿಂಗ್ ಜೊತೆಗೆ ಪೈಪಿನ ಪದರವೇ ಎದ್ದು ಬಂತು. ಪ್ಲಾಸ್ಟಿಕ್ ಕ್ಲಿಪ್ ಬಿಡಿಸಿದಾಗ ಇನ್ನೂ ಕೆಟ್ಟದಾಗಿ ಕಾಣಿಸಿತು. ಕ್ಲಿಪ್ ಹಿಡಿದಿದ್ದ ಜಾಗದಲ್ಲಿ ಪೈಪು ಸುತ್ತ ತಿಂದು ಹೋಗಿ ನಡು ಸಣ್ಣದಾಗಿತ್ತು. "ನೋಡಿ ಮಾರಾಯ್ರೆ, ಕ್ಲಿಪ್ಪಿನ ಒಳಗೆ ಕೆಸರು ಕೂರ್ತದೆ. ಮಳೆ ಹೋದ್ರೂ ಒಣಗುದಿಲ್ಲ. ಮೇಲಿಂದ ಈ ಟಾರು ಬೇರೆ, ಒಳಗೆ ಹೋದ ಪಸೆ ಹೊರಗೆ ಬರ್ಲಿಕ್ಕೆ ಜಾಗ ಇಲ್ಲ." ಆಮೇಲೆ ಹುಡುಗನಿಗೆ ಪೆಡಲ್ ಒತ್ತಲು ಹೇಳಿದರು. ಕೂದಲಿನಷ್ಟು ಸಣ್ಣ ಎಳೆಯಾಗಿ ಆಯಿಲ್ ಚಿಮ್ಮಿ ನನ್ನ ಅಂಗಿಗೆ ಬಿತ್ತು. ಅದನ್ನು ನೋಡಿದ ಮೇಲೆ ಪ್ಯಾಚ್ ಹಾಕಿಸುವ ಯೋಚನೆ ಪೂರ್ತಿ ಹೋಯಿತು.

ಬ್ರೇಕಿನಲ್ಲಿ ಎರಡು ಸರ್ಕ್ಯೂಟ್, ಅಂದರೆ ಆಯಿಲ್ ಹೋಗುವ ಎರಡು ಬೇರೆ ಬೇರೆ ದಾರಿ ಇರುತ್ತದೆ, ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ ಅಲ್ವಾ ಅಂತ ಕೇಳಿದೆ. ಹಿಡಿಯುತ್ತದೆ, ಆದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲಲು ತುಂಬಾ ಜಾಸ್ತಿ ದೂರ ಬೇಕು, ಘಾಟಿಯಲ್ಲಿ ಆ ದೂರ ಎಲ್ಲಿಂದ ತರುತ್ತೀರಿ ಅಂದರು. ಫ್ರಿಜ್ಜಿನ ತಾಮ್ರದ ಪೈಪಿನ ಬಗ್ಗೆಯೂ ಕೇಳಿದೆ. ಅವರು ಮೂಲೆಯಿಂದ ಒಂದು ತುಂಡು ತಂದು ನನ್ನ ಕೈಯಲ್ಲೇ ನಾಲ್ಕೈದು ಸಲ ಆಚೆ ಈಚೆ ಬಗ್ಗಿಸಲು ಹೇಳಿದರು. ಮೊದಲು ಬೆಣ್ಣೆಯ ಹಾಗೆ ಬಗ್ಗಿತು, ಆಮೇಲೆ ಗಟ್ಟಿಯಾಗುತ್ತಾ ಬಂತು, ಕೊನೆಗೆ ಬಿರುಕು ಬಿಟ್ಟಿತು. ಬರೀ ತಾಮ್ರ ಅಲ್ಲಾಡಿ ಅಲ್ಲಾಡಿ ಹೀಗೇ ಒಡೆಯುತ್ತದೆ. ಗಾಡಿ ಓಡುವಾಗ ಪೈಪು ಸದಾ ನಡುಗುತ್ತಿರುತ್ತದೆ, ಒಳಗೆ ಒತ್ತಡ ಬೇರೆ.

ಅವರು ಹಾಕುವುದು ತಾಮ್ರ-ನಿಕಲ್ ಮಿಶ್ರ ಮಾಡಿದ ಪೈಪು. ನೋಡಲು ಸ್ವಲ್ಪ ತಾಮ್ರದ ಬಣ್ಣವೇ, ಆದರೆ ಅದರಲ್ಲಿ ಹತ್ತರಲ್ಲಿ ಒಂದು ಪಾಲು ನಿಕಲ್, ಜೊತೆಗೆ ಚೂರು ಕಬ್ಬಿಣ, ಮ್ಯಾಂಗನೀಸ್ ಇರುತ್ತದೆ. ಉಪ್ಪಿಗೆ ಇದು ಜಗ್ಗುವುದಿಲ್ಲ, ಒತ್ತಡವನ್ನೂ ತಡೆಯುತ್ತದೆ. ಮನೆಗೆ ಬಂದು ಓದಿ ನೋಡಿದೆ, ಸ್ವೀಡನ್ನಿನ ವೋಲ್ವೊ ಕಂಪನಿ 1970ರ ದಶಕದಲ್ಲೇ ತನ್ನ ಕಾರುಗಳಿಗೆ ಇದನ್ನು ಹಾಕಲು ಶುರು ಮಾಡಿತ್ತು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ನಮ್ಮಲ್ಲಿ ಹಾಕುವವರು ಯಾರೂ ಬೇಡ, ಸಮುದ್ರದ ಗಾಳಿಯೇ ತಂದು ಹಾಕುತ್ತದೆ, ಮೇಲಿಂದ ಮೀನಿನ ಲಾರಿಗಳಿಂದ ಹೆದ್ದಾರಿ ಉದ್ದಕ್ಕೂ ಸುರಿಯುವ ನೀರು. ಗಾಡಿಯ ಜೊತೆ ಬರುವ ಪೈಪು ಸ್ಟೀಲಿನದು, ಗ್ಯಾರೇಜಿನವರು ಬಂಡಿ ಪೈಪ್ ಅನ್ನುತ್ತಾರೆ, ಮೇಲಿನ ಲೇಪ ಇರುವಷ್ಟು ದಿನ ಮಾತ್ರ ಅದಕ್ಕೆ ಆಯಸ್ಸು.

ಈಗ ಕೆಲಸದ ವಿಷಯ. ನಾನು ಎರಡು ಮಧ್ಯಾಹ್ನ ಅಲ್ಲೇ ನಿಂತು ನೋಡಿದೆ. ಹಳೆ ಪೈಪಿನ ನಟ್ಟು ತುಕ್ಕು ಹಿಡಿದು ಪೈಪಿಗೇ ಕಚ್ಚಿಕೊಂಡಿತ್ತು. ಸುಮ್ನೆ ಸ್ಪ್ಯಾನರ್ ಹಾಕಿ ತಿರುಗಿಸಿದ್ದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತಿತ್ತು. ಮೇಸ್ತ್ರಿ ಹಾಗೆ ಮಾಡಲಿಲ್ಲ. ಹೇಗೂ ಎಸೆಯುವ ಪೈಪಲ್ವಾ, ನಟ್ಟಿನ ಬುಡದಲ್ಲೇ ಕತ್ತರಿಸಿ, ಆರು ಮೂಲೆಯ ಬಾಕ್ಸ್ ಸ್ಪ್ಯಾನರನ್ನು ಮೇಲಿಂದ ಪೂರ್ತಿ ಕೂರಿಸಿ ಬಿಚ್ಚಿದರು. ನಾಲ್ಕು ನಟ್ಟೂ ಹಾಗೇ ಬಂತು. ಆದರೆ ಎಡಗಡೆ ಹಿಂದಿನ ವೀಲ್ ಸಿಲಿಂಡರಿನ (ಚಕ್ರದ ಒಳಗೆ ಬ್ರೇಕನ್ನು ಒತ್ತುವ ಭಾಗ) ಬ್ಲೀಡ್ ನಿಪ್ಪಲ್, ಅಂದರೆ ಏರ್ ತೆಗೆಯುವ ಸಣ್ಣ ನಿಪ್ಪಲ್ ಮಾತ್ರ ಮುರಿಯಿತು. ಕೂಡಲೇ ನನ್ನನ್ನು ಕರೆದು ತೋರಿಸಿ, ಸಿಲಿಂಡರ್ ಹೊಸದು ಬೇಕು, ಒಂದು ಬದಿಗೆ ಮಾತ್ರ ಬೇಡ, ಎರಡೂ ಹಾಕುವ ಅಂದರು. ಬಲಗಡೆಯದನ್ನು ಬಿಚ್ಚಿ ರಬ್ಬರ್ ಎತ್ತಿ ತೋರಿಸಿದರು, ಅದರ ಒಳಗೂ ಒದ್ದೆ ಇತ್ತು. 15 ವರ್ಷದ ರಬ್ಬರ್ ಹೋಸುಗಳನ್ನೂ ಬದಲಿಸಿದರು. ಅದು ನಾನೇ ಕೇಳಿದ್ದು.

ಹೊಸ ಪೈಪಿನ ತುದಿಗೆ ಫ್ಲೇರ್ ಮಾಡುವುದನ್ನು ನೋಡಬೇಕು ನೀವು. ಈ ಗಾಡಿಗೆ ಬೇಕಾದದ್ದು ಡಬಲ್ ಫ್ಲೇರ್. ಅಂದರೆ ತುದಿಯನ್ನು ಬರೀ ಅಗಲಿಸುವುದಲ್ಲ, ಮೊದಲು ಉಬ್ಬಿಸಿ ಆಮೇಲೆ ಒಳಕ್ಕೆ ಮಡಚಿ ಎರಡು ಪದರ ಮಾಡುವುದು, ಬಟ್ಟೆಯ ಅಂಚು ಮಡಚಿ ಹೊಲಿದ ಹಾಗೆ. ಒಂದೇ ಪದರವಾದರೆ ಬ್ರೇಕಿನ ಒತ್ತಡಕ್ಕೆ ಬಿರುಕು ಬಿಡುತ್ತದೆ. ಹುಡುಗ ಒಂದು ಮಾಡಿ ತಂದ. ನನ್ನ ಕಣ್ಣಿಗೆ ಚೆನ್ನಾಗೇ ಇತ್ತು. ಮೇಸ್ತ್ರಿ ಕನ್ನಡಕ ಹಣೆಗೆ ಏರಿಸಿ, ಬೆಳಕಿಗೆ ಹಿಡಿದು, ತುದಿಯ ಮೇಲೆ ಹೆಬ್ಬೆರಳು ಸುತ್ತಾಡಿಸಿ "ಒಂದು ಬದಿ ದಪ್ಪ ಉಂಟು, ಕಟ್ ಮಾಡು, ಇನ್ನೊಂದು ಮಾಡು" ಅಂತ ವಾಪಸು ಕೊಟ್ಟರು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹುಡುಗ ಒಂದು ಇಂಚು ಕತ್ತರಿಸಿ ಮತ್ತೆ ಮಾಡಿದ. ಎರಡನೇ ಸಲದ್ದು ಪಾಸಾಯಿತು. ಆ ಹೊತ್ತಿಗೇ ನನಗೆ ಈ ಗ್ಯಾರೇಜಿನ ಮೇಲೆ ನಂಬಿಕೆ ಬಂತು. ಆ ಜಾಯಿಂಟು ನಟ್ಟಿನ ಒಳಗೆ ಮುಚ್ಚಿ ಹೋಗುತ್ತದೆ, ನನಗೆ ಯಾವತ್ತೂ ಕಾಣುವುದಿಲ್ಲ. ಆದರೂ ಬಿಡಲಿಲ್ಲ ಅವರು.

ಹಳೆ ಪೈಪನ್ನು ನೆಲದ ಮೇಲೆ ಇಟ್ಟು ಅದರ ಪಕ್ಕದಲ್ಲೇ ಹೊಸದನ್ನು ಅದೇ ತಿರುವುಗಳಿಗೆ ಬಗ್ಗಿಸಿದರು. ಹಳೆ ಕ್ಲಿಪ್ಪುಗಳನ್ನು ಎಸೆದು ಹೊಸದು ಹಾಕಿದರು. ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಪೈಪು ಎಲ್ಲೂ ತಾಗಬಾರದು ಅಂತ ಬೆರಳು ತೂರಿಸಿ ತೂರಿಸಿ ನೋಡಿದರು. ಕೊನೆಗೆ ಪೈಪಿನ ಒಳಗೆ ಸೇರಿದ ಏರ್ ತೆಗೆಯುವ ಕೆಲಸ. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು, ಅದರ ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, "ಒತ್ತು... ಹಿಡ್ಕೊ... ಬಿಡು" ಅಂತ ನಾಲ್ಕು ಚಕ್ರಕ್ಕೂ ಗುಳ್ಳೆ ಬರುವುದು ನಿಲ್ಲುವ ತನಕ. ಹಳೆ ಆಯಿಲ್ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ಪಸೆ ಎಳೆದುಕೊಳ್ಳುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ನಮ್ಮ ಕರಾವಳಿಯ ಗಾಳಿ ಹೇಗಿರುತ್ತದೆ ನಿಮಗೆ ಗೊತ್ತೇ ಉಂಟು. ಎಲ್ಲ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಒಂದು ನಿಮಿಷ ಪೆಡಲ್ ಜೋರಾಗಿ ಒತ್ತಿ ಹಿಡಿಯಲು ನನಗೆ ಹೇಳಿ, ಅವರು ಕೆಳಗೆ ಪ್ರತಿ ಜಾಯಿಂಟಿಗೂ ಪೇಪರ್ ತುಂಡು ಒತ್ತಿ ಕಲೆ ಆಗುತ್ತದಾ ನೋಡಿದರು. ಪೆಡಲ್ ಕಲ್ಲಿನ ಹಾಗೆ ನಿಂತಿತ್ತು.

ಒಟ್ಟು ಆದದ್ದು 9,400 ರೂಪಾಯಿ. ಅದರಲ್ಲಿ ಕೂಲಿ 3,500. ಉಳಿದದ್ದು ಪೈಪು, ನಟ್ಟು, ಎರಡು ವೀಲ್ ಸಿಲಿಂಡರ್, ಹೋಸು, ಕ್ಲಿಪ್ಪು, ಒಂದು ಲೀಟರ್ ಆಯಿಲ್. 800ರ ಪ್ಯಾಚಿನ ಪಕ್ಕ ಇಟ್ಟರೆ ಜಾಸ್ತಿ ಅನಿಸುತ್ತದೆ. ನನಗೆ ಒಂದು ರೂಪಾಯಿಯೂ ಜಾಸ್ತಿ ಅನಿಸಲಿಲ್ಲ.

ಕೊರತೆಗಳೂ ಇವೆ, ಹೇಳಲೇಬೇಕು. ನಾಳೆ ಸಂಜೆ ಕೊಡುತ್ತೇನೆ ಅಂದವರು ಕೊಟ್ಟದ್ದು ಮೂರನೇ ದಿನ ರಾತ್ರಿ ಎಂಟಕ್ಕೆ. ಫೋನ್ ಎತ್ತುವುದೇ ಇಲ್ಲ, ಕೈಯೆಲ್ಲ ಗ್ರೀಸ್ ಇರುತ್ತದೆ ಅನ್ನುವುದು ಸರಿ, ಆದರೆ ಹುಡುಗನಾದರೂ ಎತ್ತಬಹುದಲ್ವಾ. ಕೂರಲು ಒಂದು ಮುರುಕು ಸೀಟು ಬಿಟ್ಟರೆ ಏನೂ ಇಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಬಿಲ್ಲು ಅಂದರೆ ಡೈರಿಯ ಹಾಳೆಯಲ್ಲಿ ಬರೆದುಕೊಟ್ಟ ಲೆಕ್ಕ. ಗಾಡಿಯ ಕಾಗದಪತ್ರಕ್ಕೆ ಜಿಎಸ್‌ಟಿ ಬಿಲ್ಲು ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಇದಕ್ಕೆಲ್ಲ ಅರ್ಧ ಸ್ಟಾರ್ ಕಡಿಮೆ ಮಾಡಿ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಮತ್ತೆ ತೋರಿಸಲು ಹೋದಾಗ ಅದೇ ಇನ್‌ಸ್ಪೆಕ್ಟರ್. ಈ ಸಲವೂ ಪೆಡಲ್ ಒತ್ತಿ ಹಿಡಿದರು, ಕೆಳಗೆ ಬಗ್ಗಿ ನೋಡಿದರು, ಹೊಸ ಪೈಪು ನೋಡಿ "ಪೂರ್ತಿ ಹಾಕಿಸಿದ್ದೀರಲ್ಲ, ಒಳ್ಳೆದಾಯ್ತು" ಅಂದರು. ಅವರಿಗೆ ನಾನು ಕೈ ಮುಗಿದೆ. ಅವತ್ತು ಅವರು ಬಗ್ಗಿ ನೋಡದೆ ಸಹಿ ಹಾಕಿದ್ದರೆ ನಾವು ದೀಪಾವಳಿಗೆ ಮತ್ತೆ ಅದೇ ಘಾಟಿಯಲ್ಲಿ ಹೋಗುವವರಿದ್ದೆವು. ಆರ್‌ಸಿ ಐದು ವರ್ಷಕ್ಕೆ ಸಿಕ್ಕಿತು.

ನೀವು ಕುಂದಾಪುರ, ಮಲ್ಪೆ, ಕಾಪು, ಸುರತ್ಕಲ್, ಎಲ್ಲೇ ಇರಿ, ಗಾಡಿಗೆ ಹತ್ತು ವರ್ಷ ದಾಟಿದ್ದರೆ ಎಫ್‌ಸಿ ತನಕ ಕಾಯಬೇಡಿ. ಟಾರ್ಚ್ ಹಿಡಿದು ಹಿಂದಿನ ಚಕ್ರದ ಒಳಬದಿ ನೋಡಿ, ಕ್ಲಿಪ್ ಇರುವ ಜಾಗ ಮುಖ್ಯ. ಮಳೆಗಾಲ ಮುಗಿದ ಕೂಡಲೇ ಅಡಿಭಾಗವನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೆಸಿ. ಕೋಟಿಂಗ್ ಹೊಡೆಸುವುದಾದರೆ ಪೈಪಿನ ಮೇಲೆ ಹೊಡೆಯಬೇಡಿ ಅಂತ ನಿಂತು ಹೇಳಿ. ಈ ಗ್ಯಾರೇಜಿಗೆ ಹೋಗುವುದಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಹತ್ತರ ಮೇಲೆ ಮೀನಿನ ಪಿಕಪ್ಪುಗಳು ಬಂದು ಗುಂಡಿ ಖಾಲಿ ಸಿಗುವುದಿಲ್ಲ. ಬರುವಾಗ ಹಳೆ ಪೈಪು ಕೇಳಿ ತಗೊಳ್ಳಿ, ಕೊಡುತ್ತಾರೆ.