ಏಳು ವರ್ಷದಿಂದ ಫ್ರೀ ಇಂಡೀ ಗೇಮು, ಡೆಮೊ ಆಡ್ತಿದೀನಿ: ಎಲ್ಲಾ ಸರಿ, ಆ ಸೇವ್ ಒಂದು ಬಿಟ್ಟು

ಮೊದ್ಲೇ ಹೇಳ್ಬಿಡ್ತೀನಿ, ನಾನು ದೊಡ್ಡ ಗೇಮರ್ ಏನಲ್ಲ. ಹಳೇ ಲ್ಯಾಪ್‌ಟಾಪು, 4 ಜಿಬಿ ರ್‍ಯಾಮು, ಗ್ರಾಫಿಕ್ಸ್ ಕಾರ್ಡ್ ಅನ್ನೋದು ಇಲ್ವೇ ಇಲ್ಲ, ಗೇಮಿಗೆ ಅಂತ ಎತ್ತಿಟ್ಟಿರೋ ದುಡ್ಡು ಸೊನ್ನೆ. ಹಂಗಾಗಿ ಇಚ್ ಡಾಟ್ ಐಓ ಅನ್ನೋ ಸೈಟಲ್ಲಿ ಫ್ರೀ ಸಿಗೋ ಇಂಡೀ ಗೇಮು (ಸಣ್ಣ ಡೆವಲಪರ್‌ಗಳು ಸ್ವಂತವಾಗಿ ಮಾಡಿದ್ದು), ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಬರೋ ಡೆಮೊಗಳು (ಗೇಮಿನ ಸ್ವಲ್ಪ ಭಾಗ ಆಡಿ ನೋಡೋಕೆ ಕೊಡೋದು), ಇಷ್ಟೇ ನನ್ನ ಪ್ರಪಂಚ. ದುಡ್ಡು ಕೊಟ್ಟು ಆಡೋರಿಗೆ ಈ ವಿಮರ್ಶೆ ಕಂಜೂಸಿ ಅನ್ನಿಸಬಹುದು, ಅನ್ನಿಸ್ಲಿ ಬಿಡಿ.

ರಾತ್ರಿ ಎಲ್ರೂ ಮಲಗಿದ್ಮೇಲೆ ಶುರು ನಂದು. ಇಯರ್‌ಫೋನ್ ಸಿಕ್ಕಿಸ್ಕೊಂಡು, ಫ್ರೀ ಮತ್ತೆ ವೆಬ್ ಅಂತ ಎರಡು ಫಿಲ್ಟರ್ ಹಾಕಿ, ಪುಟ್ಟ ಪುಟ್ಟ ಚಿತ್ರಗಳನ್ನ ನೋಡ್ತಾ ಕೆಳಗೆ ಹೋಗ್ತಾ ಇರ್ತೀನಿ, ಆಡೋದಕ್ಕಿಂತ ಒಂದೊಂದ್ಸಲ ಈ ಹುಡುಕಾಟವೇ ಖುಷಿ. ಒಂದು ಗೇಮಿಗೆ 20 ನಿಮಿಷ. ಮುಗಿದ್ಮೇಲೆ ನೋಟ್‌ಬುಕ್ಕಲ್ಲಿ ಒಂದೇ ಒಂದು ಸಾಲು ಬರೀಬೇಕು ಅಂತ ನಾನೇ ಮಾಡ್ಕೊಂಡಿರೋ ರೂಲು. ಮೊನ್ನೆ ತಿರುವಿ ಹಾಕ್ತಿದ್ದೆ, "ಕಪ್ಪೆ, ಛತ್ರಿ, ಜಂಪ್ ಒಂಚೂರು ಲೇಟು" ಅಂತಿತ್ತು ಒಂದ್ಕಡೆ. ಇನ್ನೊಂದ್ಕಡೆ "ಬಾಗಿಲು ತೆಗೆಯೋ ಸದ್ದು ಸೂಪರ್, ಬಾಗಿಲಿನಾಚೆ ಏನೂ ಇಲ್ಲ". ಗೇಮಿನ ಹೆಸರು ಬರೆದಿಲ್ಲ ನೋಡಿ, ಯಾವ ಕಪ್ಪೆ ಅಂತ ಈಗ ನಂಗೇ ಗೊತ್ತಿಲ್ಲ.

ಎಕ್ಸಿ ಫೈಲ್ (ಕಂಪ್ಯೂಟರಲ್ಲಿ ನೇರವಾಗಿ ಓಡೋ ಪ್ರೋಗ್ರಾಮು) ಇಳಿಸ್ಕೊಂಡ್ರೆ ವಿಂಡೋಸಲ್ಲಿ ನೀಲಿ ಎಚ್ಚರಿಕೆ ಬರೋದು ಎಲ್ರಿಗೂ ಗೊತ್ತಿರೋದೇ. ಇದು ಇಂಥೋರದ್ದೇ ಫೈಲು ಅಂತ ತೋರ್ಸೋ ಸರ್ಟಿಫಿಕೇಟಿಗೆ ದುಡ್ಡು ಕಟ್ಟಿ ಸೈನ್ ಮಾಡ್ಸೋಕೆ ಸಣ್ಣ ಡೆವಲಪರ್‌ಗಳ ಕೈಲಿ ಆಗಲ್ಲ, ಹಂಗಂತ ಎಲ್ಲದನ್ನೂ ಕಣ್ಮುಚ್ಚಿ ಓಪನ್ ಮಾಡ್ಬೇಡಿ, ಕಾಮೆಂಟ್ ಓದಿ. ನಾನಂತೂ ಆದಷ್ಟೂ ಬ್ರೌಸರಲ್ಲೇ ಆಡೋನು.

ಆ ಬ್ರೌಸರೇ ಕೈ ಕೊಟ್ಟಿದ್ದು.

ರೈಲ್ವೆ ಪಜಲ್ ಒಂದಿತ್ತು, ಹಳಿ ತಿರುಗಿಸಿ ಕೆಂಪು ಬೋಗಿನ ಕೆಂಪು ಸ್ಟೇಷನ್‌ಗೆ ಮುಟ್ಟಿಸೋದು. ಮೂರು ವಾರ ಆಡಿ 50ರಲ್ಲಿ 41ನೇ ಲೆವೆಲ್‌ಗೆ ಬಂದಿದ್ದೆ. ಒಂದು ಭಾನುವಾರ ಬ್ರೌಸರ್ ಸ್ಲೋ ಆಗ್ತಿದೆ ಅಂತ ಹಿಸ್ಟರಿ, ಕುಕಿ, ಸೈಟ್ ಡೇಟಾ ಎಲ್ಲದಕ್ಕೂ ಟಿಕ್ ಹಾಕಿ ಗುಡಿಸಿ ಸಾರಿಸಿಬಿಟ್ಟೆ. ರಾತ್ರಿ ಗೇಮ್ ಓಪನ್ ಮಾಡಿದ್ರೆ ಒಂದನೇ ಲೆವೆಲ್ಲು, ಒಂದೇ ಬೋಗಿ, ಬಾಣದ ಗುರುತು ಹಾಕಿ "ಇಲ್ಲಿ ಒತ್ತಿ" ಅಂತ ಪಾಠ ಹೇಳ್ಕೊಡ್ತಿದೆ ನಂಗೆ! ಬ್ರೌಸರ್ ಗೇಮುಗಳ ಸೇವ್, ಅಂದ್ರೆ ಎಲ್ಲಿವರೆಗೆ ಆಡಿದೀವಿ ಅನ್ನೋ ದಾಖಲೆ, ಸಾಮಾನ್ಯವಾಗಿ ಯಾವ ಸರ್ವರಲ್ಲೂ ಇರಲ್ಲ, ನಮ್ಮ ಬ್ರೌಸರಿನ ಹೊಟ್ಟೆಯೊಳಗೇ ಇರುತ್ತೆ, ಸೈಟ್ ಡೇಟಾ ಅಳಿಸಿದ್ರೆ ಅದೂ ಹೋಯ್ತು. ಇನ್‌ಕಾಗ್ನಿಟೊದಲ್ಲಿ ಆಡಿದ್ರಂತೂ ಕಿಟಕಿ ಮುಚ್ಚಿದ್ರೆ ಮುಗೀತು. ಗೇಮು ಪೇಜಿನೊಳಗೆ ಬೇರೆ ಅಡ್ರೆಸ್ಸಿಂದ ಬಂದು ಕೂರೋದ್ರಿಂದ, ಥರ್ಡ್ ಪಾರ್ಟಿ ಕುಕಿ (ಬೇರೆ ಸೈಟಿನವು ನಮ್ಮ ಬ್ರೌಸರಲ್ಲಿ ಇಡೋ ಡೇಟಾ) ಬ್ಲಾಕ್ ಮಾಡಿದ್ರೂ ಕೆಲವು ಕಡೆ ಸೇವೇ ಆಗಲ್ಲ. ಇದನ್ನ ಗೇಮಿನ ಪೇಜಲ್ಲಿ ಒಂದು ಸಾಲು ಬರೆದಿದ್ರೆ ಏನ್ ಗಂಟು ಹೋಗ್ತಿತ್ತು?

ಡೆಮೊದ್ದೂ ಇದೇ ಗೋಳು. ಸ್ಟೀಮಿನ ಡೆಮೊ ಹಬ್ಬ ನೆಕ್ಸ್ಟ್ ಫೆಸ್ಟ್ ಫೆಬ್ರವರಿ, ಜೂನ್, ಅಕ್ಟೋಬರ್ ಅಂತ ವರ್ಷಕ್ಕೆ ಮೂರು ಸಲ ಬರುತ್ತೆ, ಒಂದು ವಾರ ಎಷ್ಟ್ ಬೇಕಾದ್ರೂ ಡೆಮೊ ಆಡ್ಬಹುದು, ಆಮೇಲೆ ಎಷ್ಟೋ ಡೆಮೊ ಮಾಯ. ಇಷ್ಟಪಟ್ಟು ಒಂಬತ್ತು ಗಂಟೆ ಆಡಿದ ಡೆಮೊ ಫುಲ್ ಗೇಮ್ ಆಗಿ ಬಂದಾಗ, ಗೆಳೆಯನೊಬ್ಬ ಗಿಫ್ಟ್ ಕೊಟ್ಟ, ತೆಗೆದು ನೋಡಿದ್ರೆ ಮೊದಲಿಂದ ಆಡು ಅಂತು. ಹಳೇ ಸೇವ್ ಮುಂದಕ್ಕೆ ತರೋಕೆ ಆಗಲ್ಲ ಅಂತೇನಿಲ್ಲ, ಡೆಲ್ಟಾರೂನ್ ಅನ್ನೋ ಗೇಮಿನ ಮೊದಲನೇ ಚಾಪ್ಟರ್ 2018ರಲ್ಲಿ ಫ್ರೀ ಬಂತು, ಎರಡನೇದು 2021ರಲ್ಲಿ, ಅದೂ ಫ್ರೀ, ಮೂರು ವರ್ಷದ ಹಿಂದಿನ ಸೇವ್ ಹಂಗೇ ಎತ್ಕೊಳ್ತು. ಮನಸ್ಸಿದ್ರೆ ಆಗುತ್ತೆ.

ರೈಲಿನ ಗೇಮಿಗೆ ಸಿಟ್ಟಲ್ಲಿ ಉದ್ದ ಕಾಮೆಂಟ್ ಹಾಕಿದ್ದೆ. ಎರಡು ದಿನಕ್ಕೆ ಡೆವಲಪರ್ ರಿಪ್ಲೈ ಬಂತು: ಇದನ್ನ ಜ್ಯಾಮ್‌ಗೆ (ಕಮ್ಮಿ ಟೈಮಲ್ಲಿ ಗೇಮ್ ಮಾಡೋ ಸ್ಪರ್ಧೆ) ಅಂತ ವಾರಾಂತ್ಯದಲ್ಲಿ ಮಾಡಿದ್ದು, ಲೆವೆಲ್ಲುಗಳನ್ನ ಆಮೇಲೆ ಸೇರಿಸ್ತಾ ಹೋದೆ, 41ರವರೆಗೆ ಒಬ್ರು ಬಂದಿದಾರೆ ಅಂತ ಇವತ್ತೇ ಗೊತ್ತಾಗಿದ್ದು, 38ನೇದು ಹೆಂಗ್ ದಾಟಿದ್ರಿ? ಬೈಬೇಕು ಅಂತ ಕೂತಿದ್ದೋನು 38ನೇದನ್ನ ವಿವರಿಸ್ತಾ ಕೂತೆ. ಮುಂದಿನ ಅಪ್‌ಡೇಟಲ್ಲಿ ಸೇವನ್ನ ಅಕ್ಷರಗಳ ಒಂದು ಸಾಲಾಗಿ ಕಾಪಿ ಮಾಡ್ಕೊಳ್ಳೋ ಬಟನ್ ಬಂತು. ಆ ಸಾಲು ಈಗ ನನ್ನ ಮೇಲ್ ಡ್ರಾಫ್ಟಲ್ಲಿದೆ.

ಅವತ್ತಿಂದ ನಾನು ಹುಡುಕೋದೇ ಬದಲಾಯ್ತು, ಸೇವ್ ಬೇಕಾಗದೇ ಇರೋ ಗೇಮು, ಒಂದೇ ಕೂತಲ್ಲಿ ಮುಗಿಯೋದು. ಸೆಲೆಸ್ಟೆ ಕ್ಲಾಸಿಕ್ ಆಡಿಲ್ದಿದ್ರೆ ಇವತ್ತೇ ಆಡಿ. ಮ್ಯಾಡಿ ಥಾರ್ಸನ್, ನೋಯೆಲ್ ಬೆರ್‍ರಿ ಇಬ್ರೂ ಸೇರಿ ಪಿಕೊ-8 ಅನ್ನೋ, ಪುಟ್ಟ ಗೇಮು ಮಾಡೋ ಸಾಫ್ಟ್‌ವೇರಲ್ಲಿ ನಾಲ್ಕೇ ದಿನದಲ್ಲಿ ಮಾಡಿದ್ದು, 2018ರ ದೊಡ್ಡ ಸೆಲೆಸ್ಟೆ ಹುಟ್ಟಿದ್ದೇ ಇದರಿಂದ. ಪರದೆ 128ಕ್ಕೆ 128 ಪಿಕ್ಸೆಲ್, 16 ಬಣ್ಣ. ನಮ್ಮ ಲ್ಯಾಪ್‌ಟಾಪಿನ ಫ್ಯಾನು ಉಸಿರೂ ಎತ್ತಲ್ಲ. ಬೆಟ್ಟ ಹತ್ತೋ ಗೇಮು, ಒಂದೊಂದು ರೂಮು ನೂರು ಮೀಟರ್, ಹಾರಿ, ಗಾಳೀಲಿ ಇನ್ನೊಂದ್ಸಲ ನುಗ್ಗಿ, ಮುಳ್ಳಿಗೆ ಬಿದ್ದು ಸತ್ತು, ಅರ್ಧ ಸೆಕೆಂಡಲ್ಲಿ ಮತ್ತೆ ಎದ್ದು. ತುದಿಗೆ ಹೋದ್ಮೇಲೆ ಎಷ್ಟು ಸಲ ಸತ್ತೆ ಅಂತ ಲೆಕ್ಕ ತೋರ್ಸುತ್ತೆ. ನನ್ನ ಲೆಕ್ಕ ಹೇಳಲ್ಲ.

ಇಷ್ಟು ವರ್ಷ ಪುಕ್ಕಟೆ ಆಡಿದ್ಮೇಲೆ ಒಂದು ಮಾತ್ರ ಚುಚ್ತಾ ಇರುತ್ತೆ. ಇಚ್ ಡಾಟ್ ಐಓದಲ್ಲಿ ಡೌನ್‌ಲೋಡ್ ಒತ್ತಿದಾಗ ಇಷ್ಟ ಬಂದಷ್ಟು ಕೊಡಿ ಅಂತ ಕೇಳುತ್ತಲ್ಲ, ಅದರ ಮೇಲೆ ಸಣ್ಣಕ್ಷರದಲ್ಲಿ "ಬೇಡ, ಸುಮ್ನೆ ಡೌನ್‌ಲೋಡ್‌ಗೆ ಕರ್ಕೊಂಡ್ ಹೋಗು" ಅನ್ನೋ ಲಿಂಕು, ಅದನ್ನ ನೂರಾರು ಸಲ ಒತ್ತಿದೀನಿ. ರೈಲಿನ ಗೇಮಿಗೆ ಮಾತ್ರ ಮೊದಲನೇ ಸಲ ಒತ್ತಲಿಲ್ಲ.

ಈ ಫ್ರೀ ಗೇಮಿನ ಪ್ರಪಂಚಕ್ಕೆ ಸ್ಟಾರ್ ಕೊಡೋದಾದ್ರೆ ಐದಕ್ಕೆ ನಾಲ್ಕು. ರೈಲಿನ ಗೇಮಲ್ಲಿ ಈಗ ಮತ್ತೆ 29ನೇ ಲೆವೆಲ್ಲಲ್ಲಿದೀನಿ, ಹೋದ್ಸಲ ಇದನ್ನ ಹೆಂಗ್ ದಾಟಿದ್ದೆ ಅಂತ ನೋಟ್‌ಬುಕ್ ನೋಡಿದ್ರೆ "ಹಳದಿ ಬೋಗಿ ಕಳ್ಳ" ಅಂತ ಬರ್ಕೊಂಡಿದೀನಿ, ಬೇರೇನೂ ಇಲ್ಲ.